ಎಣಿಸಿದ ಗುಂಡು, ಹೊಗಳಿದ ಮಾತು

ಹೋದ ಶನಿವಾರ ಬೆಳಿಗ್ಗೆ ಹಾಸನದ ಹುಡುಗನೊಬ್ಬ ಡಲ್ಲಾಸ್‌ನ ನಮ್ಮ ಮನೆಗೆ ಬಂದ. ಕಂಕುಳಲ್ಲಿ ಮೂರು ಬಂದೂಕು ಪತ್ರಿಕೆಗಳು, ಒಂದೊಂದರಲ್ಲೂ ಐದಾರು ಹಳದಿ ಚೀಟಿ. ಪರೀಕ್ಷೆಗೆ ಓದಿದವನ ಹಾಗಿದ್ದ. ಡಲ್ಲಾಸ್‌ಗೆ ಬಂದು ವರ್ಷಗಳೇ ಆದರೂ ಎಚ್‌-1ಬಿ ವೀಸಾದಲ್ಲಿ ಇದ್ದಷ್ಟು ದಿನ ಅವನು ಬಂದೂಕಿನ ತಂಟೆಗೆ ಹೋದವನಲ್ಲ. ಹೋಗುವಂತೆಯೂ ಇರಲಿಲ್ಲ. ಕೆಲಸದ ವೀಸಾದಲ್ಲಿ ಇರುವವರು ಬಂದೂಕು ಇಟ್ಟುಕೊಳ್ಳುವುದನ್ನು ಅಮೆರಿಕದ ಒಕ್ಕೂಟ ಕಾನೂನು ತಡೆಯುತ್ತದೆ. ಬೇಟೆಯ ಲೈಸೆನ್ಸ್‌ ಇದ್ದವರಿಗೆ, ಅಂಥ ಇನ್ನು ಕೆಲವರಿಗೆ ಮಾತ್ರ ವಿನಾಯಿತಿ. ಗ್ರೀನ್‌ ಕಾರ್ಡ್‌ ಬಂದರೆ ಆ ಬಾಗಿಲು ತೆರೆಯುತ್ತದೆ. ಇವನಿಗೆ ಹೋದ ವರ್ಷ ಬಂತು.

"ಅಣ್ಣಾ, ಮೂರು ಪತ್ರಿಕೆಯವರು ಮೂರು ಪಿಸ್ತೂಲನ್ನ ಬೆಸ್ಟ್‌ ಅಂತಾರೆ. ಯಾವುದು ತಗೊಳ್ಲಿ?"

"ಈ ಮೂರರಲ್ಲಿ ಯಾವುದಾದ್ರೂ ಒಂದು ಸಲ ಸಿಕ್ಕಿಹಾಕ್ಕೊಂಡಿತು ಅಂತ ಯಾರಾದ್ರೂ ಬರೆದಿದ್ದಾರಾ?"

ಚೀಟಿ ಚೀಟಿ ತೆಗೆದು ನೋಡಿದ. "ಇಲ್ಲಣ್ಣ. ಎಲ್ಲಾ ಚೆನ್ನಾಗಿ ಓಡಿದಾವೆ."

"ಹಾಗಾದ್ರೆ ಅದನ್ನ ಅಲ್ಲಿಡು. ಮೊದಲು ಕಾಫಿ ಕುಡಿ."

ಟೆಕ್ಸಸ್‌ನಲ್ಲಿ 2021ರ ಸೆಪ್ಟೆಂಬರ್‌ನಿಂದ 21 ವರ್ಷ ತುಂಬಿದ, ಕಾನೂನಿನ ಅಡ್ಡಿ ಇಲ್ಲದ ಯಾರು ಬೇಕಾದರೂ ಪರವಾನಗಿ ಇಲ್ಲದೆಯೇ ಪಿಸ್ತೂಲು ಧರಿಸಿ ಓಡಾಡಬಹುದು. ಅದು ಸರಿಯೋ ತಪ್ಪೋ ಎಂಬುದು ಬೇರೆ ವಾರದ ಮಾತು. ಸೊಂಟಕ್ಕೆ ಸಿಕ್ಕಿಸಿಕೊಂಡು ಅಂಗಿಯ ಕೆಳಗೆ ಮರೆಮಾಡುವ ಪುಟ್ಟ ಪಿಸ್ತೂಲನ್ನು ಆರಿಸುವುದು ಹೇಗೆ, ಅದರಲ್ಲಿ ಪತ್ರಿಕೆಯ ವಿಮರ್ಶೆಯನ್ನು ಎಷ್ಟು ನಂಬಬೇಕು ಎಂಬುದಷ್ಟೇ ಈ ವಾರದ್ದು.

ಮೊದಲು ಪುಟ್ಟದ್ದು ಎಂದರೆ ಎಷ್ಟು ಪುಟ್ಟದ್ದು ಎಂದು ನೋಡೋಣ. ಪೊಲೀಸರಿಂದ ಹಿಡಿದು ಮನೆಯವರ ತನಕ ಬಳಸುವ ಗ್ಲಾಕ್‌ 19ರ ನಳಿಗೆ 4 ಇಂಚು, ತೂಕ ಸುಮಾರು 670 ಗ್ರಾಂ, ಮ್ಯಾಗಜಿನ್‌ನಲ್ಲಿ 15 ಗುಂಡು. 2008ರಲ್ಲಿ ಬಂದ ರೂಗರ್‌ ಎಲ್‌ಸಿಪಿ ಪ್ಯಾಂಟಿನ ಜೇಬಿಗೆ ಹೊಂದುವಂಥದ್ದು, ಮುನ್ನೂರು ಗ್ರಾಮಿಗೂ ಕಡಿಮೆ. ಗ್ಲಾಕ್‌ 43 ಬಂದದ್ದು 2015ರಲ್ಲಿ; ಚಪ್ಪಟೆಯಾಗಿತ್ತು, ಆದರೆ ಮ್ಯಾಗಜಿನ್‌ಗೆ ಆರೇ ಗುಂಡು. 2018ರಲ್ಲಿ ಸಿಗ್‌ ಸಾವರ್‌ನವರು ಪಿ365 ತಂದು ಲೆಕ್ಕವನ್ನೇ ಬದಲಿಸಿದರು. ಹೆಚ್ಚುಕಡಿಮೆ ಅಷ್ಟೇ ಗಾತ್ರ, ಅರ್ಧ ಕೇಜಿ ತೂಕ, 3.1 ಇಂಚಿನ ನಳಿಗೆ, ಒಳಗೆ ಹತ್ತು ಗುಂಡು. ಮರುವರ್ಷವೇ ಸ್ಪ್ರಿಂಗ್‌ಫೀಲ್ಡ್‌ನ ಹೆಲ್‌ಕ್ಯಾಟ್‌ ಹನ್ನೊಂದು ತುಂಬಿಕೊಂಡು ಬಂತು. ಒಂದು ಗುಂಡು ಜಾಸ್ತಿಯಾದದ್ದಕ್ಕೆ ಪತ್ರಿಕೆಗಳು ಎಷ್ಟು ಪುಟ ಮೀಸಲಿಟ್ಟವೆಂದರೆ, ಆ ಹನ್ನೊಂದನೆಯ ಗುಂಡನ್ನು ಹಾರಿಸಲು ಬೆರಳಿನಲ್ಲಿ ಕಸುವು ಉಳಿದಿರುತ್ತದೆಯೇ ಎಂದು ಕೇಳಲು ಜಾಗವೇ ಸಾಲಲಿಲ್ಲ.

ಕೊಡಗಿನಲ್ಲಿ ಹುಟ್ಟಿದವನಿಗೆ ಈ ಪ್ರಶ್ನೆ ತಾನಾಗಿ ಬರುತ್ತದೆ. ನಮ್ಮಲ್ಲಿ ಗಂಡು ಮಗು ಹುಟ್ಟಿದರೆ ಒಂದು ಗುಂಡು, ಸಾವಾದರೆ ಎರಡು. ಕೈಲ್‌ಪೊಳ್ದ್‌ ಹಬ್ಬ ಬಂದರೆ ಕೋವಿಗೆ ಹೂ ಮುಡಿಸಿ ಪೂಜೆ, ಆಮೇಲೆ ಮರದ ತುದಿಯಲ್ಲಿ ಕಟ್ಟಿದ ತೆಂಗಿನಕಾಯಿಗೆ ಗುರಿ. ತಾತ ಜೋಡಿ ನಳಿಗೆ ಕೋವಿಯೊಂದನ್ನು ಕೊಳ್ಳುವ ಮುಂಚೆ ಕಣ್ಣು ಮುಚ್ಚಿ ಅದನ್ನು ಹೆಗಲಿಗೇರಿಸುತ್ತಿದ್ದರು, ಆಮೇಲೆ ಕಣ್ಣು ತೆರೆಯುತ್ತಿದ್ದರು. ನಳಿಗೆಯ ತುದಿಯ ಮಣಿ ಕಣ್ಣಿನ ನೇರಕ್ಕೆ ಬಂದಿದ್ದರೆ ಕೋವಿ ತಮ್ಮದು, ಇಲ್ಲದಿದ್ದರೆ ಅಂಗಡಿಯವನದ್ದು. ಅವರ ವಿಮರ್ಶೆ ಅಷ್ಟೇ. ಪಿಸ್ತೂಲಿಗೆ ಹೆಗಲಿಲ್ಲ, ಎಲ್ಲಾ ಅಂಗೈಯದೇ ಲೆಕ್ಕ. ಅಂಗೈ ಚಿಕ್ಕದಾದ ಹಿಡಿಯಲ್ಲಿ ಸಿಕ್ಕಿದಾಗ ಏನಾಗುತ್ತದೆ ಎಂಬುದೇ ಈ ವ್ಯಾಪಾರದ ಗುಟ್ಟು.

ಗುಂಡು ಹಾರಿದಾಗ ಪಿಸ್ತೂಲಿನ ಮೇಲ್ಭಾಗದ ಸ್ಲೈಡ್‌ ಹಿಂದಕ್ಕೆ ಜಾರಿ ಖಾಲಿ ತೋಟಾವನ್ನು ಹೊರಗೆಸೆಯುತ್ತದೆ. ಸ್ಪ್ರಿಂಗ್‌ ಸ್ಲೈಡನ್ನು ಮುಂದಕ್ಕೆ ತಳ್ಳಿದಾಗ ಮ್ಯಾಗಜಿನ್‌ನಿಂದ ಮುಂದಿನ ತೋಟಾವನ್ನು ಕೆರೆದುಕೊಂಡು ನಳಿಗೆಗೆ ತುರುಕುತ್ತದೆ. ದೊಡ್ಡ ಪಿಸ್ತೂಲಿನ ಸ್ಲೈಡ್‌ ಭಾರ, ಅದು ಓಡಬೇಕಾದ ದಾರಿಯೂ ಉದ್ದ. ತೋಟಾ ಮೇಲೇರಿ ಕೂರಲು ಪುರುಸೊತ್ತು ಸಿಗುತ್ತದೆ. ಪುಟ್ಟದರ ಸ್ಲೈಡ್‌ ಹಗುರ, ದಾರಿ ಗಿಡ್ಡ, ಓಟ ಜೋರು. ಅದನ್ನು ಅಂಕೆಯಲ್ಲಿಡಲು ಗಟ್ಟಿ ಸ್ಪ್ರಿಂಗ್‌ ಹಾಕುತ್ತಾರೆ, ಆಗ ಸ್ಲೈಡ್‌ ಎಳೆಯಲು ಬೆರಳು ನೋಯುತ್ತದೆ. ಮ್ಯಾಗಜಿನ್‌ನ ಸ್ಪ್ರಿಂಗ್‌ ಕಣ್ಣೆವೆ ಮುಚ್ಚುವುದರೊಳಗೆ ತೋಟಾವನ್ನು ಎತ್ತಿಕೊಡಬೇಕು. ಹಿಡಿದ ಮಣಿಕಟ್ಟು ಸ್ವಲ್ಪ ಸಡಿಲವಾದರೂ ಪಿಸ್ತೂಲು ಪೂರ್ತಿ ಹಿಂದಕ್ಕೆ ಹೋಗುತ್ತದೆ, ಸ್ಲೈಡ್‌ ಮಾತ್ರ ತನ್ನ ದಾರಿ ಮುಗಿಸುವುದಿಲ್ಲ, ತೋಟಾ ಅಡ್ಡಡ್ಡ ಸಿಕ್ಕಿಕೊಳ್ಳುತ್ತದೆ. ಅದೇ ತೋಟಾವನ್ನು ಅರ್ಧ ತೂಕದ ಪಿಸ್ತೂಲಿನಿಂದ ಹಾರಿಸಿದರೆ ಒದೆತದ ವೇಗ ಹೆಚ್ಚುಕಡಿಮೆ ಎರಡರಷ್ಟು.

ಗುರಿಯದ್ದೂ ಇದೇ ಕತೆ. ಹಿಂದಿನ ಗುರಿಕಂಡಿಗೂ ಮುಂದಿನ ಗುರಿಮಣಿಗೂ 6.5 ಇಂಚು ಅಂತರವಿದ್ದು, ಎರಡನ್ನು ಹೊಂದಿಸುವಾಗ ಒಂದು ಮಿಲಿಮೀಟರ್‌ ತಪ್ಪಿದರೆ, ಹತ್ತು ಮೀಟರ್‌ ದೂರದ ಹಲಗೆಯ ಮೇಲೆ ಸುಮಾರು 6 ಸೆಂಟಿಮೀಟರ್‌ ತಪ್ಪು. ಅಂತರ 5 ಇಂಚಾದರೆ ಸುಮಾರು 8. ಅಂದರೆ ಹೊಸಬರಿಗೆ ಹೇಳಿ ಮಾಡಿಸಿದ ಹಾಗೆ ಕಾಣುವ ಪುಟ್ಟ ಪಿಸ್ತೂಲು ನಿಜದಲ್ಲಿ ಹಳಬರ ಸಾಮಾನು. ಅಂಗಡಿಯಲ್ಲಿ ಹೆಂಗಸರ ಕೈಗೆ, ಮೊದಲ ಸಲ ಕೊಳ್ಳುವವರ ಕೈಗೆ ಮುದ್ದಾದದ್ದನ್ನೇ ಹುಡುಕಿ ಕೊಡುವ ರೂಢಿಯಷ್ಟು ತಲೆಕೆಳಗಾದದ್ದು ಇನ್ನೊಂದಿಲ್ಲ.

ಇದನ್ನು ನಾನು ದುಡ್ಡು ಕೊಟ್ಟೇ ಕಲಿತೆ. ಹಲವು ವರ್ಷದ ಹಿಂದೆ ಒಂದು ಪತ್ರಿಕೆಯ ಮುಖಪುಟದ ಲೇಖನ ಓದಿ ಜೇಬಿನ ಪಿಸ್ತೂಲೊಂದನ್ನು ಕೊಂಡಿದ್ದೆ. ಹೆಸರು ಬೇಡ. ಮೊದಲ ದಿನ ರೇಂಜ್‌ನಲ್ಲಿ ಏಳು ಗಜಕ್ಕೆ ಕಾಗದ ತೂಗುಹಾಕಿ, ಒಂದು, ಎರಡು ಹೊಡೆದೆ. ಮೂರನೆಯದಕ್ಕೆ ಟ್ರಿಗರ್‌ ಎಳೆದರೆ ಮೆತ್ತಗೆ ಕುಸಿಯಿತು, ಸದ್ದಿಲ್ಲ. ನೋಡಿದರೆ ಖಾಲಿ ಹಿತ್ತಾಳೆ ತೋಟಾ ಸ್ಲೈಡಿನ ಬಾಯಲ್ಲಿ ಒಲೆಯ ಚಿಮಣಿಯ ಹಾಗೆ ನೆಟ್ಟಗೆ ನಿಂತಿದೆ, ಅಂಚು ನೆಗ್ಗಿದೆ. ಬಿಡಿಸಿದೆ. ಐದನೆಯದಕ್ಕೆ ಮತ್ತೆ. ಐವತ್ತು ಗುಂಡು ಮುಗಿಯುವಷ್ಟರಲ್ಲಿ ಹೆಬ್ಬೆರಳ ಬುಡದ ಚರ್ಮ ಕಿತ್ತುಬಂದಿತ್ತು, ಒಂಬತ್ತು ಸಲ ಜಾಮ್‌ ಆಗಿತ್ತು. ಮನೆಗೆ ಬಂದು ಆ ವಿಮರ್ಶೆಯನ್ನು ಮತ್ತೆ ಓದಿದೆ. ಸುಳ್ಳು ಒಂದೂ ಇರಲಿಲ್ಲ. ಎಷ್ಟು ಗುಂಡು ಹಾರಿಸಿ ನೋಡಿದೆವು ಎಂಬ ಮಾತೂ ಎಲ್ಲೂ ಇರಲಿಲ್ಲ.

ಹಾಗಂತ ವಿಮರ್ಶಕರೆಲ್ಲ ಲಂಚಕೋರರು ಎನ್ನುವುದು ಸೋಮಾರಿ ಮಾತು. ತಪ್ಪು ಹೇಗೆ ನುಸುಳುತ್ತದೆ ಎಂಬುದಕ್ಕೆ ರೆಮಿಂಗ್ಟನ್‌ ಆರ್‌51ರ ಕತೆಯೇ ಪಾಠ. ಜಾನ್‌ ಪೆಡರ್ಸನ್‌ ಎಂಬ ಮೇಧಾವಿ ನೂರು ವರ್ಷದ ಹಿಂದೆ ರೂಪಿಸಿದ ಮಾಡೆಲ್‌ 51 ಪಿಸ್ತೂಲಿನ ಯಂತ್ರತತ್ವವನ್ನು 9 ಎಂಎಂ ತೋಟಾಕ್ಕೆ ಹೊಂದಿಸಿ, 2014ರ ಆರಂಭದಲ್ಲಿ ಕಂಪನಿ ಅದನ್ನು ಮಾರುಕಟ್ಟೆಗೆ ಬಿಟ್ಟಿತು. ಅದಕ್ಕೂ ಮುಂಚೆ ಬಂದೂಕು ಬರಹಗಾರರನ್ನು ಅರಿಜೋನಾದ ಗನ್‌ಸೈಟ್‌ ತರಬೇತಿ ಕೇಂದ್ರಕ್ಕೆ ಕರೆಸಿ ಹಾರಿಸಲು ಕೊಟ್ಟಿತ್ತು. ಪಿಸ್ತೂಲು ಚೆನ್ನಾಗಿ ಓಡಿತು, ಬರಹಗಾರರು ಚೆನ್ನಾಗಿ ಬರೆದರು. ಅಂಗಡಿಯಿಂದ ಕೊಂಡವರ ಕೈಯಲ್ಲಿ ಅದು ಮುಗ್ಗರಿಸಿತು. ಅದೇ ವರ್ಷದ ಜುಲೈನಲ್ಲಿ ಕಂಪನಿಯೇ ಮುಂದೆ ಬಂದು, ಮಾದರಿಗಳು ಸರಿಯಾಗಿಯೇ ಇದ್ದವು, ಮಾದರಿಯಿಂದ ರಾಶಿ ಉತ್ಪಾದನೆಗೆ ಹೋಗುವಾಗ ಎಡವಟ್ಟಾಯಿತು ಎಂದು ಒಪ್ಪಿಕೊಂಡು, ಕೊಂಡವರಿಗೆ ಹೊಸ ಪಿಸ್ತೂಲು ಕೊಡುವ ಮಾತು ಕೊಟ್ಟಿತು. ಹೊಸದು ಬರಲು 2016 ಆಯಿತು.

ಇಲ್ಲಿ ಕೈಬಿಸಿ ಮಾಡಿದವರು ಯಾರೂ ಬೇಕಿರಲಿಲ್ಲ. ವಿಮರ್ಶಕ ಹಾರಿಸಿದ್ದು ಒಂದು ಪಿಸ್ತೂಲು, ಓದುಗ ಕೊಂಡದ್ದು ಇನ್ನೊಂದು. ಎರಡಕ್ಕೂ ಹೆಸರು ಒಂದೇ. ಮದುವೆಗೆ ತೋರಿಸಿದ ಅಕ್ಕಿ ಬೇರೆ, ಮೂಟೆಯಲ್ಲಿ ಬಂದ ಅಕ್ಕಿ ಬೇರೆ ಎಂದ ಹಾಗೆ.

ಇದರ ಜೊತೆಗೆ ಋಣದ ಮಾತೂ ಇದೆ. ಪತ್ರಿಕೆ ನಡೆಯುವುದು ಜಾಹೀರಾತಿನಿಂದ, ಜಾಹೀರಾತು ಬರುವುದು ಬಂದೂಕು ಕಂಪನಿಗಳಿಂದ. ಉಪ್ಪಿಟ್ಟವರನ್ನು ಮುಪ್ಪಿನ ತನಕ ನೆನೆ ಎಂಬ ಗಾದೆಗೆ ಟೆಕ್ಸಸ್‌ನಲ್ಲೂ ಬೆಲೆಯಿದೆ. ಆ ನಂಟು ಎಷ್ಟು ಬಿಗಿ ಎಂಬುದು 2013ರ ಕೊನೆಯಲ್ಲಿ ಬಯಲಾಯಿತು. 'ಗನ್ಸ್‌ ಆ್ಯಂಡ್‌ ಆ್ಯಮೊ' ಪತ್ರಿಕೆಯ ಹಿರಿಯ ಅಂಕಣಕಾರ ಡಿಕ್‌ ಮೆಟ್‌ಕಾಫ್‌, ಹಕ್ಕು ಎಂದ ಮೇಲೆ ಅದಕ್ಕೊಂದು ಕಟ್ಟಳೆಯೂ ಇರುತ್ತದೆ ಎಂಬರ್ಥದ ಒಂದು ಪುಟ ಬರೆದರು. ಓದುಗರು ಸಿಡಿದೆದ್ದರು, ಜಾಹೀರಾತುದಾರರೂ ಮುಖ ತಿರುಗಿಸಿದರು, ಮೆಟ್‌ಕಾಫ್‌ ಕೆಲಸ ಕಳೆದುಕೊಂಡರು. ಅವರು ಯಾವ ಪಿಸ್ತೂಲನ್ನೂ ತೆಗಳಿರಲಿಲ್ಲ. ಅಂಥ ಮನೆಯಲ್ಲಿ ಕೂತು ಮುಂದಿನ ತಿಂಗಳ ಜಾಹೀರಾತುದಾರನ ಸ್ಪ್ರಿಂಗ್‌ ಮೆದು ಎಂದು ಬರೆಯುವವನ ಪೆನ್ನು ಎಷ್ಟು ಧೈರ್ಯವಾಗಿ ಓಡೀತು? ಜಾಹೀರಾತೇ ಹಾಕದೆ, ಪಿಸ್ತೂಲನ್ನು ತಾನೇ ಕೊಂಡು ಪರೀಕ್ಷಿಸುವ 'ಗನ್‌ ಟೆಸ್ಟ್ಸ್‌' ಎಂಬ ಪತ್ರಿಕೆಯೂ ಇದೆ. ತೆಳ್ಳಗಿನ ಪತ್ರಿಕೆ, ಹೊಳಪು ಕಡಿಮೆ. ಆದರೂ ಅದರಲ್ಲಿ ಒಂದು ಪಿಸ್ತೂಲನ್ನು ಕೊಳ್ಳಬೇಡಿ ಎಂದು ನೇರವಾಗಿ ಬರೆದದ್ದು ಕಾಣಸಿಗುತ್ತದೆ.

ಹಾಗಾದರೆ ಹೊಳಪಿನ ಪತ್ರಿಕೆಯನ್ನು ರದ್ದಿಗೆ ಹಾಕಬೇಕೆ? ಬೇಡ, ಓದುವ ಕ್ರಮ ಬದಲಾಗಬೇಕು. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಎಂಬ ನಾಡಿನಿಂದ ಬಂದ ನಮಗೆ ಇದು ಕಷ್ಟವೂ ಅಲ್ಲ. ದಲ್ಲಾಳಿ 'ಹುಡುಗ ಮಿತಭಾಷಿ' ಎಂದರೆ ನಾವು ಏನು ತಿಳಿಯುತ್ತೇವೋ, 'ಈ ಗಾತ್ರದ ಪಿಸ್ತೂಲಿಗೆ ಗುರಿ ಚೆನ್ನಾಗಿದೆ' ಎಂದಾಗ ಅದನ್ನೇ ತಿಳಿಯಬೇಕು. 'ಒದೆತ ಚುರುಕಾಗಿದೆ' ಎಂದರೆ ಕೈ ನೋಯುತ್ತದೆ. 'ಪಳಗಿದ ಮೇಲೆ ತೊಂದರೆ ಕೊಡಲಿಲ್ಲ' ಎಂದರೆ ಪಳಗುವ ಮುಂಚೆ ಕೊಟ್ಟಿತ್ತು.

ಗುಣವಾಚಕಗಳನ್ನು ದಾಟಿ ಅಂಕಿಗಳಿಗೆ ಹೋಗಿ. ತಕ್ಕಡಿ ಯಾರ ಉಪ್ಪನ್ನೂ ತಿಂದಿರುವುದಿಲ್ಲ. ತೂಕ, ದಪ್ಪ, ಟ್ರಿಗರ್‌ ಎಳೆಯಲು ಬೇಕಾದ ಬಲ, ಗುಂಡಿನ ವೇಗ, ಇವನ್ನು ಪತ್ರಿಕೆಗಳು ಅಚ್ಚುಕಟ್ಟಾಗಿ ಅಳೆಯುತ್ತವೆ, ನಂಬಬಹುದು. ಆಮೇಲೆ ಪಿಸ್ತೂಲು ಎಲ್ಲಿಂದ ಬಂತು ಎಂದು ನೋಡಿ, ಕಂಪನಿ ಕಳಿಸಿದ್ದೋ, ಅಂಗಡಿಯಲ್ಲಿ ಕೊಂಡದ್ದೋ. ಎಷ್ಟು ಗುಂಡು ಹಾರಿಸಿದರು, ಎಷ್ಟು ಬಗೆಯವು? ನೂರೈವತ್ತು ಗುಂಡು ಪರಿಚಯಕ್ಕೆ ಸಾಕು, ನಂಬಿಕೆಗೆ ಸಾಲದು. ಅಚ್ಚಾದ ಗುರಿಹಲಗೆಯ ಚಿತ್ರ ಸರಾಸರಿಯದೋ, ಅತ್ಯುತ್ತಮದ್ದೋ? ಮರಳಚೀಲದ ಮೇಲೆ ಕೈಯೂರಿ ಹೊಡೆದ ಗುರಿ ಪಿಸ್ತೂಲಿನ ಗುಣ ಹೇಳುತ್ತದೆ, ನಿಂತು ಹೊಡೆಯುವ ನಿಮ್ಮ ಗುರಿಯನ್ನಲ್ಲ. ಕೊನೆಯದಾಗಿ, ವಿಮರ್ಶಕ ಅದನ್ನು ಸೊಂಟಕ್ಕೆ ಕಟ್ಟಿಕೊಂಡು ಒಂದು ದಿನವಾದರೂ ಕಾರು ಓಡಿಸಿದನೇ, ಬಗ್ಗಿ ಶೂ ಕಟ್ಟಿದನೇ? ಸೊಂಟದ ಪಿಸ್ತೂಲು ತೊಂಬತ್ತೊಂಬತ್ತು ಪಾಲು ಮಾಡುವ ಕೆಲಸ ಸುಮ್ಮನೆ ಅಲ್ಲಿರುವುದು. ಅದರ ವಿಮರ್ಶೆಯೇ ಇರುವುದಿಲ್ಲ.

ಊರಿನ ಓದುಗರಿಗೆ ಈ ಆಯ್ಕೆಯ ತಲೆನೋವು ಇಲ್ಲ. ಭಾರತದಲ್ಲಿ 9 ಎಂಎಂ ಸಾಮಾನ್ಯರಿಗೆ ನಿಷಿದ್ಧ, ಲೈಸೆನ್ಸ್‌ ಸಿಕ್ಕರೆ ಹೆಚ್ಚಾಗಿ .32 ಕ್ಯಾಲಿಬರ್‌. 2014ರಲ್ಲಿ ಕಾನ್ಪುರದ ಸರಕಾರಿ ಕಾರ್ಖಾನೆ ಹೆಂಗಸರಿಗೆಂದು 'ನಿರ್ಭೀಕ್‌' ರಿವಾಲ್ವರ್‌ ತಂದಾಗ ಅದರ ತೂಕವೂ ಪಿ365ರಂತೆ ಅರ್ಧ ಕೇಜಿ, ಬೆಲೆ ಒಂದು ಲಕ್ಷ ಇಪ್ಪತ್ತು ಸಾವಿರದ ಮೇಲೆ. ಬೆಲೆಯ ಬಗ್ಗೆ ಎಲ್ಲರೂ ಬರೆದರು. ಅದರ ಟ್ರಿಗರ್‌ ಎಳೆಯಲು ಎಷ್ಟು ಬಲ ಬೇಕು ಎಂದು ಬರೆದವರನ್ನು ನಾನು ಕಾಣಲಿಲ್ಲ.

ಕಾಫಿ ಆದ ಮೇಲೆ ಹುಡುಗನನ್ನು ರೇಂಜ್‌ಗೆ ಕರೆದೊಯ್ದೆ. ಅಲ್ಲಿ ಪಿಸ್ತೂಲು ಬಾಡಿಗೆಗೆ ಸಿಗುತ್ತದೆ, ಪತ್ರಿಕೆಯ ಒಂದು ವರ್ಷದ ಚಂದಾಕ್ಕಿಂತ ಒಳ್ಳೆಯ ಖರ್ಚು. ಅವನ ಮೂರು ಮೆಚ್ಚಿನವುಗಳ ಪಕ್ಕ ಗ್ಲಾಕ್‌ 19 ಕೂಡ ಇಡಿಸಿದೆ. ಬೆರಳು ಟ್ರಿಗರ್‌ನಿಂದ ದೂರ, ನಳಿಗೆ ಹಲಗೆಯ ಕಡೆಗೆ ಎಂದು ಮತ್ತೆ ಮತ್ತೆ ಹೇಳಿ, ಒಂದೊಂದರಲ್ಲೂ ಐವತ್ತು ಗುಂಡು ಹೊಡೆಸಿದೆ. ಅವನ ಕಿರುಬೆರಳು ಪುಟ್ಟ ಪಿಸ್ತೂಲುಗಳ ಹಿಡಿಯ ಕೆಳಗೆ ಗಾಳಿಯಲ್ಲಿ ನೇತಾಡುತ್ತಿತ್ತು. ಗ್ಲಾಕ್‌ 19ರ ಹಿಡಿಗೆ ಬಂದಾಗ ಅದಕ್ಕೂ ಒಂದು ಆಸರೆ ಸಿಕ್ಕಿತು, ರಂಧ್ರಗಳು ಹಲಗೆಯ ನಡುವಿಗೆ ಸರಿದವು.

ಯಾವುದನ್ನೂ ಕೊಳ್ಳದೆ ಹೊರಟ. ಸಂಜೆ ಫೋನಿಗೆ ಅವನ ಟಿಪ್ಪಣಿ ಬಂತು: "ಅಣ್ಣಾ, ಇನ್ನೂರು ಗುಂಡು. ಮೂರು ಸಲ ಸಿಕ್ಕಿಕೊಂಡಿತು, ಮೂರೂ ಚಿಕ್ಕದರಲ್ಲಿ. ಎರಡು ನನ್ನ ಮಣಿಕಟ್ಟಿನ ತಪ್ಪು ಅನ್ಸುತ್ತೆ. ಕಿರುಬೆರಳಿಗೆ ಜಾಗ ಬೇಕು. ಮುಂದಿನ ಶನಿವಾರ ಮತ್ತೆ ಹೋಗೋಣ."

ಎಷ್ಟು ಹಾರಿಸಿದ, ಎಷ್ಟು ಸಲ ಕೆಟ್ಟಿತು, ತಪ್ಪು ಯಾರದ್ದು, ಏನು ಬೇಕು. ನಾಲ್ಕು ಸಾಲಿನಲ್ಲಿ ಎಲ್ಲಾ ಇತ್ತು. ಬಾಡಿಗೆಯೂ ಅವನದೇ, ಗುಂಡಿನ ದುಡ್ಡೂ ಅವನದೇ.