‘ನಾಗರಿಕ’ ಎಂದರೆ ಯಾರು?

ಕೇಂದ್ರ ಸರಕಾರವು 2015ರ ಜೂನ್‌ನಲ್ಲಿ ಸ್ಮಾರ್ಟ್ ಸಿಟಿ ಯೋಜನೆಯೊಡನೆ ಹೊರಡಿಸಿದ ಮಾರ್ಗಸೂಚಿಯನ್ನು ಈಚೆಗೆ ಮತ್ತೊಮ್ಮೆ ಓದಿದೆವು. ನಗರಕ್ಕೆ ಬೇಕಾದ ಹತ್ತು ಮೂಲಸೌಕರ್ಯಗಳ ಪಟ್ಟಿ ಅದರಲ್ಲಿದೆ. ಸುರಕ್ಷತೆಯ ಮಾತು ಬಂದಾಗ ಸ್ತ್ರೀಯರು, ಮಕ್ಕಳು, ವೃದ್ಧರು ಎಂದು ಬಿಡಿಸಿ ಹೇಳಿದೆ. ವಸತಿಯ ಮಾತಿನಲ್ಲಿ ಬಡವರ ನೆನಪಾಗಿದೆ. ಗಣಕೀಕೃತ ಆಡಳಿತದ ಎದುರು ಮಾತ್ರ ‘ನಾಗರಿಕರ ಪಾಲ್ಗೊಳ್ಳುವಿಕೆ’ ಎಂದಷ್ಟೇ ಇದೆ. ಯಾವ ನಾಗರಿಕರು?

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ದೇಶದ ನಗರಗಳಲ್ಲಿಯೇ, ಹಳ್ಳಿಗಳ ಮಾತು ಹಾಗಿರಲಿ, ಒಮ್ಮೆಯಾದರೂ ಅಂತರಜಾಲ ಬಳಸಿದ ಪುರುಷರು ನೂರಕ್ಕೆ 72.5, ಸ್ತ್ರೀಯರು 51.8. ಇದು 15ರಿಂದ 49 ವಯಸ್ಸಿನವರ ಲೆಕ್ಕ. ಅರುವತ್ತು ದಾಟಿದವರು ಎಣಿಕೆಯಲ್ಲಿಯೇ ಇಲ್ಲ.

ಕರ್ನಾಟಕದ ಏಳು ನಗರಗಳನ್ನೊಳಗೊಂಡ ಈ ಯೋಜನೆಯು 2025ರ ಮಾರ್ಚ್‌ನಲ್ಲಿ ಮುಗಿಯಿತು. ನೂರು ನಗರಗಳಲ್ಲಿಯೂ ನಿಯಂತ್ರಣ ಕೇಂದ್ರಗಳು ಎದ್ದಿವೆ. ಬೀದಿ ದಾಟುವ ಅಜ್ಜಿಯನ್ನು ಕ್ಯಾಮೆರಾ ಕಾಣುತ್ತದೆ. ನಲ್ಲಿಯಲ್ಲಿ ನೀರು ಬಾರದಿದ್ದರೆ ಮೊಬೈಲಿನಲ್ಲಿ ದೂರು ಬರೆಯಿಸಲು ಆಕೆ ಮೊಮ್ಮಗ ಕಾಲೇಜಿನಿಂದ ಬರುವವರೆಗೆ ಕಾಯಬೇಕು. ಅರ್ಜಿ ಪಡೆಯುವ ಕಿಟಕಿಯನ್ನು ಮುಚ್ಚುವ ಮುನ್ನ ಅಲ್ಲಿಗೆ ಬರುತ್ತಿದ್ದವರು ಯಾರೆಂದು ಎಣಿಸುವುದು ಪೌರಾಡಳಿತದ ಮೊದಲ ಕೆಲಸವಾಗಬೇಕಿತ್ತು.