ವೈದ್ಯರಿಗಾಗಿ ಬರೆದ ಪರಿಚ್ಛೇದ

ಜಗದ್ಗುರು ಆರನೆಯ ಪೌಲರ ‘ಹುಮಾನೆ ವೀತೆ’ (1968) ವಿಶ್ವಪತ್ರವನ್ನು ನಾವು ಬರಿಯ ನಿಷೇಧವೆಂದೇ ಓದುತ್ತೇವೆ. ಅದರ 27ನೆಯ ಪರಿಚ್ಛೇದವಾದರೋ, ದಂಪತಿಗಳಿಗೆ ವಿವೇಕದ ಸಲಹೆ ನೀಡಲು ಬೇಕಾದ ಜ್ಞಾನವನ್ನು ಗಳಿಸುವುದು ವೈದ್ಯರ ವೃತ್ತಿಧರ್ಮವೆನ್ನುತ್ತದೆ. ಆದರೆ ಸಲಹೆಯ ಬಗೆಯನ್ನು ಅದು ವಿವರಿಸುವುದಿಲ್ಲ. ಪಠ್ಯದ ಕೊರತೆ ಇಲ್ಲಿದೆ.

ಈ ಕೊರತೆಯನ್ನು ತುಂಬಲು ವಿಶ್ವ ಆರೋಗ್ಯ ಸಂಸ್ಥೆಯು 1981ರಲ್ಲಿ ಪ್ರಕಟಿಸಿದ, ಬೆಂಗಳೂರೂ ಸೇರಿ ಐದು ಕೇಂದ್ರಗಳಲ್ಲಿ ನಡೆದ ಅಂಡೋತ್ಪತ್ತಿ ವಿಧಾನದ ಅಧ್ಯಯನ ನೆರವಾಗುತ್ತದೆ. ಶೇಕಡಾ 93ರಷ್ಟು ಸ್ತ್ರೀಯರು ಮೊದಲ ಋತುಚಕ್ರದಲ್ಲಿಯೇ ಫಲವಂತಿಕೆಯ ಲಕ್ಷಣಗಳನ್ನು ಗುರುತಿಸಬಲ್ಲವರಾದರು. ನಿಯಮಗಳನ್ನು ತಪ್ಪದೆ ಪಾಲಿಸಿದಾಗ ವರ್ಷಕ್ಕೆ ನೂರರಲ್ಲಿ ಸುಮಾರು 3 ಗರ್ಭಧಾರಣೆಗಳು. ವಾಸ್ತವ ಬಳಕೆಯಲ್ಲಿ ಸುಮಾರು 22.

ಮೊದಲ ಸಂಖ್ಯೆಯನ್ನಷ್ಟೇ ಹೇಳುವ ಬೋಧಕನೂ, ಎರಡನೆಯದನ್ನಷ್ಟೇ ಹೇಳಿ ನಗುವ ವೈದ್ಯನೂ ಅರ್ಧಸತ್ಯವನ್ನೇ ನುಡಿಯುತ್ತಾರೆ. ಈ ಅಂತರದ ಬಹುಪಾಲು ಹುಟ್ಟಿದ್ದು ಲಕ್ಷಣ ತಿಳಿಯದೆ ಅಲ್ಲ, ತಿಳಿದೂ ನಿಯಮ ಮೀರಿದ್ದರಿಂದ. ಸಂಯಮವು ಒಬ್ಬಳ ಹೊರೆಯಲ್ಲ. ಆದ್ದರಿಂದ ಸಮಾಲೋಚನೆಗೆ ಪತಿಯೂ ಬರಬೇಕು. ವೈದ್ಯರು ಎರಡೂ ಸಂಖ್ಯೆಗಳನ್ನು ಇಬ್ಬರ ಮುಂದೆಯೂ ಇಡಲಿ. ಪೂರ್ಣ ಸತ್ಯವನ್ನು ಬಲ್ಲ ದಂಪತಿಗಳ ಆಯ್ಕೆಯೇ ನಿಜವಾದ ಜವಾಬ್ದಾರಿಯುತ ಪಾಲಕತ್ವ.