ಮೌನಲೋಕದಲ್ಲೊಂದು ಸದ್ದು

ಜಾಕ್ ಕೂಸ್ತೋ ಹಾಗೂ ಲೂಯಿ ಮಾಲ್ ನಿರ್ದೇಶಿಸಿದ ‘ದ ಸೈಲೆಂಟ್ ವರ್ಲ್ಡ್’ 1956ರಲ್ಲಿ ಕಾನ್ ಚಿತ್ರೋತ್ಸವದ ಅತ್ಯುನ್ನತ ಪ್ರಶಸ್ತಿಯನ್ನು ಪಡೆದ ಸಾಕ್ಷ್ಯಚಿತ್ರ. ಬೆನ್ನಿಗೆ ಗಾಳಿಯ ಸಿಲಿಂಡರು ಕಟ್ಟಿಕೊಂಡ ಮುಳುಗುಗಾರರು ಹವಳದ ಗೋಡೆಯಗುಂಟ ಇಳಿಯುವುದನ್ನು ನಾವು ಇಂದಿಗೂ ಬೆರಗಿನಿಂದಲೇ ನೋಡುತ್ತೇವೆ. ಆಳಕ್ಕೆ ಹೋದಂತೆ ನೀರು ಮೊದಲು ಕೆಂಪನ್ನು ನುಂಗುತ್ತದೆ. ಉಳಿಯುವುದು ಮಂಕು ನೀಲಿ. ದೀಪ ಬೆಳಗಿದೊಡನೆ ಅದೇ ಗೋಡೆ ಕುಂಕುಮ ಚೆಲ್ಲಿದಂತೆ ಕಾಣುತ್ತದೆ. ಬೆಳಕಿನ ಈ ಪಾಠವನ್ನು ಸೀಮೆಸುಣ್ಣದಿಂದ ವಿವರಿಸಿ ಸೋತವರು ನಾವು.

ಆದರೆ ಅದೇ ತಂಡವು ಮೀನುಗಳನ್ನು ಎಣಿಸುವುದಕ್ಕಾಗಿ ಹವಳದ ನಡುವೆ ಡೈನಮೈಟ್ ಸಿಡಿಸುತ್ತದೆ. ತಮ್ಮ ಹಡಗಿಗೇ ಸಿಕ್ಕಿ ಗಾಯಗೊಂಡ ತಿಮಿಂಗಿಲದ ಮರಿಯನ್ನು ತಿನ್ನಬಂದ ಶಾರ್ಕುಗಳನ್ನು ಮೇಲೆಳೆದು ಕೊಚ್ಚುತ್ತದೆ. ಪೆಟ್ಟು ಕೊಟ್ಟವರೇ ಸೇಡು ತೀರಿಸಿಕೊಳ್ಳುವ ಈ ನ್ಯಾಯ ನಮಗೆ ಹಿಡಿಸಲಿಲ್ಲ. ‘ಆ ಕಾಲವೇ ಹಾಗಿತ್ತು’ ಎಂಬ ಸಮಾಧಾನವನ್ನೂ ನಾವು ಪೂರ್ತಿಯಾಗಿ ಒಪ್ಪಲಾರೆವು. ಜೋಜೋ ಎಂದು ಹೆಸರಿಟ್ಟು ದೊಡ್ಡ ಮೀನೊಂದಕ್ಕೆ ಕೈತುತ್ತು ಉಣಿಸಿದವರೂ ಇವರೇ ಅಲ್ಲವೆ? ಕರುಣೆಯ ಪರಿಚಯ ಅವರಿಗಿಲ್ಲದಿರಲಿಲ್ಲ.

ಮೊಮ್ಮಕ್ಕಳಿಗೆ ತೋರಿಸುವಾಗ ಆ ಭಾಗವನ್ನು ಹಾರಿಸಿಬಿಡೋಣವೆಂದುಕೊಂಡೆವು, ಹಾರಿಸಲಿಲ್ಲ. ಕಿರಿಯವಳು ಎದ್ದು ಒಳಗೆ ಹೋದಳು. ಹಿರಿಯವನು ಮಾತ್ರ, ಎಣಿಸಿದ ಲೆಕ್ಕ ಎಷ್ಟಾಯಿತು ತಾತ, ಎಂದು ಕೇಳಿದ.